ಕುರಿ ಮಲಗಿದ್ದ ಜಾಗ

ಬಲಗಾಲಿನ ಷೂ ಲೇಸನ್ನು ಮೂರನೇ ಸಲ ಬಿಚ್ಚಿ ಕಟ್ಟುವಾಗ ರೊಸೆಂದೊ ತಾಂಬ್ರಿಸ್‌ಗೆ ತಾನು ಹೆದರಿದ್ದೇನೆ ಎನ್ನುವುದು ಖಾತ್ರಿಯಾಯಿತು. ಹೆದರುವಂಥದ್ದು ಏನೂ ಇರಲಿಲ್ಲ. ಗುರುವಾರ. ಎಂದಿನಂತೆ ಮೇಲಿನ ಟಾರು ರಸ್ತೆಗೆ ಹೋಗಬೇಕು, ಪೇಟೆಯ ಬಸ್ಸಿನಿಂದ ಇಳಿಯುವ ಆರೇಳು ಜನ ಪ್ರವಾಸಿಗಳನ್ನು ಎದುರುಗೊಳ್ಳಬೇಕು, ಪೈನ್ ಕಾಡು ದಾಟಿಸಿ ಕೊರಕಲಿನ ಪಕ್ಕದ ಕಾಲುದಾರಿಯಲ್ಲಿ ಚುಯಿಸಿವಾನ್ ಹಳ್ಳಿಗೆ ನಡೆಸಿಕೊಂಡು ಬರಬೇಕು, ದಾರಿಯಲ್ಲಿ ತನ್ನ ಕಥೆ ಹೇಳಬೇಕು. ಹನ್ನೊಂದು ವರ್ಷ ಇದನ್ನೇ ಮಾಡಿದ್ದಾನೆ. ಈ ನಡಿಗೆಯಿಂದ ಬಂದ ಹಣದಲ್ಲೇ ಊರಿನಲ್ಲಿ ಏಳು, ಎಂಟು, ಒಂಬತ್ತನೇ ತರಗತಿಗಳು ಎದ್ದು ನಿಂತಿವೆ. ಮಕ್ಕಳು ಆರನೇ ತರಗತಿ ಮುಗಿಸಿ ಹೊಲಕ್ಕೆ ಇಳಿಯುವುದು ನಿಂತಿದೆ. ನಡಿಗೆ ಸಮಿತಿಯ ಅಧ್ಯಕ್ಷನೆಂದು ಅವನು ಹಾದುಹೋದರೆ ಹೆಂಗಸರು ಕೂಡ ಎದ್ದು ನಿಲ್ಲುತ್ತಾರೆ. ಇವತ್ತು ಬದಲಾಗಿರುವುದು ಒಂದೇ. ಇಷ್ಟು ವರ್ಷ ಅವನ ಸ್ಪ್ಯಾನಿಷನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ ಪೇಟೆಯ ಎಲ್ಮೆರ್ ಬರುವುದಿಲ್ಲ. ಅವನ ಜಾಗದಲ್ಲಿ ಓದಿಲಿಯಾ ಬರುತ್ತಾಳೆ. ಕಯೆತಾನೊನ ಮಗಳು. ಹತ್ತೊಂಬತ್ತು ವರ್ಷ.

“ಆ ಷೂ ನಿನಗೇನು ಮಾಡ್ತು?” ಅಂದಳು ಹೆಂಡತಿ ಫೆರ್ಮಿನಾ, ಕಾವಲಿಯ ಮೇಲಿನ ರೊಟ್ಟಿ ತಿರುವಿಹಾಕುತ್ತ. “ಬೆಳಗಿಂದ ಅದರ ಕುತ್ತಿಗೆ ಹಿಸುಕ್ತಾ ಇದೀಯಲ್ಲ.”

“ಸಡಿಲ ಆಗ್ತದೆ.”

“ಹೌದು ಹೌದು. ನಾಲಿಗೆ ಸಡಿಲ ಆಗದೆ ಇದ್ರೆ ಸಾಕು.”

ಅವಳು ಏನು ತಿಳಿದು ಹೇಳಿದಳೋ, ಸುಮ್ಮನೆ ಹೇಳಿದಳೋ ಗೊತ್ತಾಗಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದರೂ ಫೆರ್ಮಿನಾಳ ಮಾತಿನಲ್ಲಿ ಎಲ್ಲಿ ಚುಚ್ಚಿದೆ, ಎಲ್ಲಿ ಸವರಿದೆ ಎಂದು ಅವನಿಗೆ ಮಾರನೇ ದಿನವೇ ತಿಳಿಯುವುದು. ಅವಳು ಕೊಟ್ಟ ಜೋಳದ ಗಂಜಿಯನ್ನು ನಿಂತೇ ಕುಡಿದ. ಎಲ್ಲ ತಾನೇ ಮಾಡಿಕೊಂಡದ್ದು. ಹೋದ ತಿಂಗಳ ಸಭೆಯಲ್ಲಿ ಎದ್ದು ನಿಂತು, ಟೋಪಿ ತೆಗೆದು ಎದೆಗೆ ಒತ್ತಿಕೊಂಡು, “ನಮ್ಮ ಮಾತನ್ನ ಪೇಟೆಯವರ ಬಾಯಿಂದ ಎಷ್ಟು ದಿನ ಆಡಿಸೋದು? ನಾವೇ ಓದಿಸಿದ ಮಕ್ಕಳು ನಮಗಿಲ್ವಾ?” ಎಂದು ಕೇಳಿದವನು ಅವನೇ. ಚಪ್ಪಾಳೆ ಬಿದ್ದಿತ್ತು. ಚಪ್ಪಾಳೆ ಅವನಿಗೆ ಇಷ್ಟ. ಅದರ ಬಿಸಿಯಲ್ಲೇ ಮನೆಯವರೆಗೆ ನಡೆದು, ಟೋಪಿಯನ್ನು ಮೊಳೆಗೆ ನೇತುಹಾಕುವಾಗ, ನಾವು ಓದಿಸಿದ ಮಕ್ಕಳಲ್ಲಿ ಇಂಗ್ಲಿಷ್ ಬರುವುದು ಯಾರಿಗೆ ಎಂಬ ಪ್ರಶ್ನೆ ಮೊದಲ ಸಲ ಹೊಳೆದಿತ್ತು. ಒಬ್ಬಳಿಗೆ. ಟೋಪಿ ಮೊಳೆ ತಪ್ಪಿ ನೆಲಕ್ಕೆ ಬಿದ್ದಿತ್ತು.

ಪಿಕಪ್‌ನ ಹಿಂಬದಿಯಲ್ಲಿ ಓದಿಲಿಯಾ ಆಗಲೇ ನಿಂತಿದ್ದಳು. ಅಮ್ಮ ನೇಯ್ದ ಕೆಂಪು ರವಿಕೆ, ದಪ್ಪ ನೇಯ್ಗೆಯ ಲಂಗ, ಕಾಲಿಗೆ ಹುಡುಗರು ಹಾಕುವಂಥ ಓಟದ ಷೂ. “ನಮಸ್ಕಾರ, ತಾತ್ ರೊಸೆಂದೊ,” ಅಂದಳು. ಹಿರಿಯ ಗಂಡಸರನ್ನು ಆ ಕಡೆ ತಾತ್ ಎಂದೇ ಕರೆಯುವುದು. ಅವಳು ಕರೆದರೆ ಆ ಪದಕ್ಕೆ ಸ್ವಲ್ಪ ಹೆಚ್ಚೇ ಮರ್ಯಾದೆ ಅಂಟಿಕೊಂಡಂತೆ ಅವನಿಗೆ ಕೇಳಿಸಿತು. ಅವನು ಕಂಬಿ ಹಿಡಿದು ಪಕ್ಕದಲ್ಲಿ ನಿಂತ. ಗಾಡಿ ಏರು ಹತ್ತುವಾಗ ಕೆಳಗೆ ಕೊರಕಲಿನಿಂದ ಮಂಜು ಎದ್ದು ಬರುತ್ತಿತ್ತು. “ಕಥೆ ನಿನಗೆ ಗೊತ್ತಿರಬೇಕಲ್ಲ,” ಅಂದ, ಮಂಜಿಗೆ ಹೇಳುವವನಂತೆ. “ಗೊತ್ತು ತಾತ್. ನಮಗೆ ಎಂಟನೇ ಕ್ಲಾಸಿನಲ್ಲಿ ಪಾಠ ಇತ್ತಲ್ಲ.” ಅವನಿಗೆ ಅದು ಮರೆತೇ ಹೋಗಿತ್ತು. ನಡಿಗೆಯ ಬಗ್ಗೆ ಇಂಗ್ಲಿಷಿನಲ್ಲಿ ಅಚ್ಚಾದ ಕರಪತ್ರ; ಮುಖಪುಟದಲ್ಲಿ ಅವನ ಚಿತ್ರ, ಒಳಗೆ ಅವನ ಬಾಲ್ಯ. ಊರಿನಲ್ಲಿ ಇದ್ದ ಒಂದೇ ಇಂಗ್ಲಿಷ್ ಕಾಗದವೆಂದು ಮೇಷ್ಟರು ಅದನ್ನೇ ಪಾಠ ಮಾಡಿದ್ದರು. ಆಗ ಎಷ್ಟು ಹೆಮ್ಮೆಪಟ್ಟಿದ್ದ! ಶಾಲೆಯ ಕಿಟಕಿಯ ಹೊರಗೆ ಕೆಲಸವಿಲ್ಲದಿದ್ದರೂ ನಿಂತು, ಮಕ್ಕಳು ತನ್ನ ಬಡತನವನ್ನು ಒಕ್ಕೊರಲಿನಲ್ಲಿ ಓದುವುದನ್ನು ಕೇಳಿಸಿಕೊಂಡಿದ್ದ.

ಬಡತನ ಅವನದಾಗಿರಲಿಲ್ಲ, ತೊಂದರೆ ಇದ್ದದ್ದು ಅಲ್ಲಿಯೇ. ರೊಸೆಂದೊನ ಅಪ್ಪನಿಗೆ ಅಂಗಡಿಯಿತ್ತು, ಒಂದು ಹೇಸರಗತ್ತೆಯಿತ್ತು. ಊರಿನ ಹುಡುಗರೆಲ್ಲ ಬರಿಗಾಲಲ್ಲಿ ಓಡಾಡುವ ಕಾಲದಲ್ಲಿ ಅವನ ಕಾಲಿಗೆ ಮೊಣಕಾಲಿನವರೆಗೆ ಬರುವ ಕಪ್ಪು ರಬ್ಬರ್ ಬೂಟಿತ್ತು. ಆಗ ಶಾಲೆ ಇದ್ದದ್ದು ಕೊರಕಲಿನಾಚೆ. ಒಂದೂವರೆ ಗಂಟೆಯ ದಾರಿ. ಬೂಟಿನವನು ಮುಂದೆ, ಬರಿಗಾಲಿನ ಕಯೆತಾನೊ ಹಿಂದೆ. ಹನ್ನೊಂದು ವರ್ಷದ ಕೆಳಗೆ, ಮೊದಲ ನಡಿಗೆಯ ಮೊದಲ ಗುಂಪು ತಿರುವಿನ ದೊಡ್ಡ ಪೈನ್ ಮರದಡಿ ಕೂತು ನೀರು ಕುಡಿಯುವಾಗ, ಬಿಳಿಕೂದಲಿನ ಒಬ್ಬ ಹೆಂಗಸು ಕೇಳಿದ್ದಳು, ನೀವೆಲ್ಲ ಹೇಗೆ ಶಾಲೆಗೆ ಹೋಗುತ್ತಿದ್ದಿರಿ ಎಂದು. ಅವನು ಶುರು ಮಾಡಿದ್ದು ನಿಜವಾಗಿಯೂ ಗೆಳೆಯನ ಮಾತನ್ನೇ. ಆದರೆ ಆ ಹೆಂಗಸಿನ ಕಣ್ಣು ಅಷ್ಟರಲ್ಲೇ ಒದ್ದೆಯಾಗಿ ಅವನ ಮೇಲೆ ನಿಂತುಬಿಟ್ಟಿತ್ತು. ಅಂಥ ಕಣ್ಣಿನೆದುರು ‘ನನಗೊಬ್ಬ ಗೆಳೆಯನಿದ್ದ’ ಎಂಬುದು ಬಹಳ ಸುತ್ತುಬಳಸಿನ ಮಾತಾಗಿ ಕಂಡಿತು. ‘ನಾನು’ ಅನ್ನುವುದು ಚಿಕ್ಕದು, ಬಾಯಿಗೆ ಹತ್ತಿರ. ಬಂತು. ಬಂದ ಮೇಲೆ ಅದನ್ನು ಹಿಂದಕ್ಕೆ ಕರೆಯುವುದು ಹೇಗೆ? ಮುಂದಿನ ಗುಂಪು ಅದೇ ಕಥೆ ಕೇಳಿಕೊಂಡೇ ಬಂದಿತ್ತು.

ಈ ಸಲ ಬಸ್ಸಿನಿಂದ ಆರು ಜನ ಇಳಿದರು. ಅವರಲ್ಲಿ ಲೊರೇನ್ ಎಂಬ ಎಪ್ಪತ್ತರ ಹೆಂಗಸು ಎಲ್ಲರಿಗಿಂತ ಮುಂದೆ ಬಂದು ಕೈ ಕುಲುಕಿದಳು. ಕೆನಡಾದಲ್ಲಿ ಶಾಲಾಬಸ್ಸು ಓಡಿಸುತ್ತಿದ್ದಳಂತೆ, ಹಸ್ತ ಸ್ಟೀರಿಂಗ್ ಹಿಡಿದಂತೆಯೇ ಹಿಡಿಯುತ್ತಿತ್ತು. ರೊಸೆಂದೊ ನಿಯಮಗಳನ್ನು ಹೇಳಿದ: ಮಕ್ಕಳ ಫೋಟೊ ತೆಗೆಯಬಾರದು, ತರಗತಿ ನಡೆಯುವಾಗ ಶಾಲೆಯೊಳಗೆ ಹೋಗಬಾರದು, ಯಾವ ಮಗುವಿಗೂ ಮಿಠಾಯಿ, ಪೆನ್ಸಿಲು ಏನನ್ನೂ ಕೈಗೆ ಕೊಡಬಾರದು, ಕೊಡುವುದಿದ್ದರೆ ಸಮಿತಿಗೆ ಕೊಡಬೇಕು. ಓದಿಲಿಯಾ ಇಂಗ್ಲಿಷಿನಲ್ಲಿ ಹೇಳಿದಳು. ಮೊದಲ ವಾಕ್ಯದಲ್ಲಿ ಸ್ವಲ್ಪ ತಡವರಿಸಿ, ಎರಡನೆಯದರಲ್ಲಿ ನೆಲ ಸಿಕ್ಕಿ, ಮೂರನೆಯದರಲ್ಲಿ ಆರಾಮಾಗಿ. ಅವನಿಗೆ ಒಂದು ಕ್ಷಣ ಎಲ್ಲ ಮರೆತುಹೋಯಿತು. ನಾವು ಓದಿಸಿದ ಮಗು, ಅಂದುಕೊಂಡ. ಅಂದುಕೊಂಡ ತಕ್ಷಣ, ಇವಳು ಇನ್ನೊಂದು ಗಂಟೆಯಲ್ಲಿ ತನ್ನ ಅಪ್ಪನ ಕಾಲುಗಳನ್ನು ನನ್ನ ಕಾಲುಗಳೆಂದು ಇವರಿಗೆ ಹೇಳಬೇಕಲ್ಲ ಎಂಬುದು ನೆನಪಾಯಿತು.

ಕಾಡಿನ ಅಂಚಿನಲ್ಲಿ ನಿಯಮ ಮುರಿದವನು ಒಬ್ಬ ಎತ್ತರದ ಜರ್ಮನ್. ಬೇಲಿಯ ಹತ್ತಿರ ನಿಂತಿದ್ದ ಪುಟ್ಟ ಹುಡುಗಿಗೆ ಜೇಬಿನಿಂದ ಚಾಕಲೇಟು ತೆಗೆದು ಚಾಚಿದ. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ಕಮಿಟೀಗೆ ಕೊಡಿ,” ಅಂದಳು. ಅವಳ ಹಿಂದಿದ್ದ ತಮ್ಮ ಇಷ್ಟು ತತ್ವನಿಷ್ಠೆ ತಡೆಯಲಾಗದೆ ದೊಡ್ಡ ದನಿಯಲ್ಲಿ ಅಳತೊಡಗಿದ. ಉಳಿದ ಐವರು ಪ್ರವಾಸಿಗಳೂ ಜರ್ಮನ್‌ನನ್ನು ನೋಡಿದರು. ಅವನು ಕೆಂಪಗಾಗಿ ಚಾಕಲೇಟನ್ನು ತಂದು ರೊಸೆಂದೊನ ಕೈಗಿಟ್ಟ. ಅಧ್ಯಕ್ಷನಾದವನು ಅಂಟಂಟಾದ ಚಾಕಲೇಟು ಹಿಡಿದುಕೊಂಡು ಕೊರಕಲಿಗೆ ಇಳಿಯಬೇಕಾಯಿತು. ಓದಿಲಿಯಾ ನಗು ತಡೆಯಲು ತುಟಿ ಕಚ್ಚಿಕೊಂಡದ್ದನ್ನು ಅವನು ಕಂಡ. ನಗಲಿ. ಇದಕ್ಕೆ ನಗಲಿ.

ತಿರುವು ಬಂತು. ಪೈನ್ ಮರದಡಿ ಎಲ್ಲರೂ ಚೀಲ ಇಳಿಸಿ ಕೂತರು. ರೊಸೆಂದೊ ಎಂದಿನ ಜಾಗದಲ್ಲಿ, ಎಂದಿನ ಕಲ್ಲಿನ ಮೇಲೆ ಒಂದು ಕಾಲಿಟ್ಟು ನಿಂತ. ಇವತ್ತು ಕಥೆ ಬಿಟ್ಟುಬಿಡಬಹುದಿತ್ತು. ಗಂಟಲು ಕೆಟ್ಟಿದೆ ಅನ್ನಬಹುದಿತ್ತು. ಆದರೆ ಅವರಲ್ಲೊಬ್ಬಳು ಕರಪತ್ರ ತೆರೆದು ಅವನ ಚಿತ್ರವನ್ನೂ ಅವನನ್ನೂ ಹೋಲಿಸಿ ನೋಡುತ್ತಿದ್ದಳು. ಅವನು ಸ್ಪ್ಯಾನಿಷಿನಲ್ಲಿ, ಘನವಾಗಿ, ಶುರು ಮಾಡಿದ.

“ನನಗಾಗ ಎಂಟು ವರ್ಷ. ಕಾಲಲ್ಲಿ ಏನೂ ಇಲ್ಲ. ಜನವರಿ ತಿಂಗಳು, ಹುಲ್ಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ನಿಂತಿರ್ತಿತ್ತು. ಇಲ್ಲಿಗೆ ಬರೋಷ್ಟರಲ್ಲಿ ಕಾಲು ಇದೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ. ಈ ಮರದ ಕೆಳಗೆ ಕುರಿಗಳು ಮಲಗ್ತಿದ್ವು. ಒಂದು ಕುರೀನ ಎಬ್ಬಿಸಿ, ಅದು ಮಲಗಿದ್ದ ಜಾಗದಲ್ಲಿ ನಿಂತ್ಕೊಳ್ತಿದ್ದೆ. ನೆಲ ಬೆಚ್ಚಗಿರ್ತಿತ್ತು. ಕಾಲಿಗೆ ಜೀವ ಬಂದ ಮೇಲೆ ಕುರಿಗೆ ನಮ್ಮ ಭಾಷೇಲಿ ‘ಮಾಲ್ತ್ಯೋಶ್’ ಅಂತ ಉಪಕಾರ ಹೇಳಿ ಮುಂದಕ್ಕೆ ಓಡ್ತಿದ್ದೆ.”

ಓದಿಲಿಯಾ ಹೇಳತೊಡಗಿದಳು. ಎಲ್ಮೆರ್ ಹೇಳುವಾಗ ರೊಸೆಂದೊ ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ತನ್ನ ಕಥೆಯ ಭಾರ ತನಗೇ ತಡೆಯದವನಂತೆ. ಇವತ್ತು ಕಣ್ಣು ಬಿಟ್ಟುಕೊಂಡೇ ನಿಂತ. ತಾನು ಹೇಳಿದ್ದರ ಅರ್ಧದಷ್ಟೇ ಇವಳು ಹೇಳುತ್ತಿದ್ದಾಳೋ, ಎರಡರಷ್ಟು ಹೇಳುತ್ತಿದ್ದಾಳೋ? ‘ಮಾಲ್ತ್ಯೋಶ್’ ಒಂದು ಕೇಳಿಸಿತು. ಆಮೇಲೆ ಅವಳು ಏನೋ ಸೇರಿಸಿದಳು, ಎಲ್ಲರೂ ನಕ್ಕರು. ನಗುವ ಜಾಗವೇ ಅಲ್ಲ ಅದು! ಹನ್ನೊಂದು ವರ್ಷದಲ್ಲಿ ಅಲ್ಲಿ ಯಾರೂ ನಕ್ಕಿರಲಿಲ್ಲ. ಒಬ್ಬಳು ಡಚ್ ಹೆಂಗಸಂತೂ ಷೂ ಕಳಚಿ ಅಲ್ಲಿಂದ ಊರಿನವರೆಗೆ ಬರಿಗಾಲಲ್ಲಿ ನಡೆದು, ಮಾರನೇ ದಿನ ಏಳಲಾರದೆ ಮಲಗಿದ್ದಳು. ಲೊರೇನ್ ಏನೋ ಕೇಳಿದಳು. ಓದಿಲಿಯಾ ಅವನ ಕಡೆ ಕೈ ತೋರಿಸಿ ಎರಡು ಮಾತಿನಲ್ಲಿ ಉತ್ತರ ಕೊಟ್ಟಳು. ಎಲ್ಲರೂ ಅವನನ್ನು ನೋಡಿ, ಒಳ್ಳೆಯದು ಒಳ್ಳೆಯದು ಎಂಬಂತೆ ತಲೆಯಾಡಿಸಿದರು. ಪ್ರತಿಸಲವೂ ಕಥೆ ಮುಗಿದಾಗ ಎಲ್ಲರ ಕಣ್ಣು ಕೆಳಗಿಳಿದು ಅವನ ಪಾದಗಳ ಮೇಲೆ ನಿಲ್ಲುತ್ತಿತ್ತು. ಆ ಗಳಿಗೆಗೆಂದೇ ಅವನು ಷೂ ಒರೆಸಿಕೊಂಡು ಬರುತ್ತಿದ್ದ. ಇವತ್ತು ಯಾರೂ ನೋಡಲಿಲ್ಲ. ಆರೂ ಜನ ಮರದ ಬುಡದ ಖಾಲಿ ನೆಲವನ್ನು ನೋಡಿದರು, ಆಮೇಲೆ ಕೊರಕಲಿನಾಚೆ, ಹೊಗೆ ಕಾಣುತ್ತಿದ್ದ ಊರಿನ ಕಡೆ ನೋಡಿದರು.

ಇಳಿಜಾರಿನುದ್ದಕ್ಕೂ ಅವನು ಓದಿಲಿಯಾಳ ಪಕ್ಕದಲ್ಲೇ ನಡೆಯುವ ಹಾಗೆ ನೋಡಿಕೊಂಡ. ನೇರ ಕೇಳಲು ಬಾಯಿ ಬರಲಿಲ್ಲ.

“ಇಂಗ್ಲಿಷಿನಲ್ಲಿ ಕುರಿಗೆ ಏನಂತಾರೆ?”

“ಶೀಪ್, ತಾತ್.”

“ಬರಿಗಾಲಿಗೆ?”

ಅವಳು ಹೇಳಿದಳು. ಅವನು ಬಾಯೊಳಗೇ ಅದನ್ನು ಹೊರಳಿಸಿ ನೋಡಿದ. “ನೀನು ಹೇಳುವಾಗ ಆ ಪದ ಬಂದ ಹಾಗೆ ಕಾಣ್ಲಿಲ್ಲ.”

“ಬಂತಲ್ಲ. ಎರಡು ಸಲ ಬಂತು. ನಿಮ್ಮ ಕಿವಿ ಎಲ್ಲೋ ಇತ್ತು.” ಅವಳು ಓಟದ ಷೂ ಹಾಕಿದ ಕಾಲುಗಳಿಂದ ಬೇರಿನಿಂದ ಬೇರಿಗೆ ಜಿಗಿಯುತ್ತ ಮುಂದೆ ಹೋದಳು. ಅವಳ ಅಪ್ಪನೂ ಹೀಗೆಯೇ ಜಿಗಿಯುತ್ತಿದ್ದ. ಜೊತೆಯವನ ಬೂಟಿನ ಸದ್ದು ದೊಪ್ ದೊಪ್ ಎಂದು ಕಾಡಿಗೆಲ್ಲ ಕೇಳಿಸುತ್ತಿದ್ದರೆ ಕಯೆತಾನೊ ಬೇಕೆಂದಾಗ ಮಾಯವಾಗಿ ಬೇಕೆಂದಾಗ ಮುಂದಿನ ತಿರುವಿನಲ್ಲಿ ಕುರಿಯ ಪಕ್ಕ ನಿಂತಿರುತ್ತಿದ್ದ, ರಾಜನ ಹಾಗೆ. “ಬಾರೋ, ನೀನೂ ನಿಂತ್ಕೋ,” ಅನ್ನುತ್ತಿದ್ದ. ರೊಸೆಂದೊ ಒಮ್ಮೆ ನಿಂತು ನೋಡಿದ್ದ ಕೂಡ. ರಬ್ಬರಿನೊಳಗಿಂದ ಏನೂ ತಿಳಿದಿರಲಿಲ್ಲ. “ಹ್ಞೂಂ, ಬೆಚ್ಚಗಿದೆ,” ಎಂದು ಸುಳ್ಳು ಹೇಳಿದ್ದ. ಅದೇ ಮೊದಲ ಸುಳ್ಳು ಇರಬೇಕು. ಎರಡನೆಯದಕ್ಕೆ ಅವನು ಬಾಯಿಯನ್ನೇ ತೆರೆದಿರಲಿಲ್ಲ. ಪೇಟೆಯಿಂದ ಬರುತ್ತಿದ್ದ ಮೇಷ್ಟರು ಅಬುಂದಿಯೊ ಹೊಸ ಪೆಟ್ಟಿಗೆ ಬಣ್ಣದ ಸೀಮೆಸುಣ್ಣ ತಂದಿಟ್ಟು, ಮಧ್ಯಾಹ್ನ ನೋಡಿದರೆ ಒಂದು ನೀಲಿ, ಒಂದು ಕೆಂಪು ಇಲ್ಲ. ಅವೆರಡೂ ರೊಸೆಂದೊನ ಬಲಗಾಲಿನ ಬೂಟಿನೊಳಗೆ, ಪಾದದ ಕೆಳಗೆ ಇದ್ದವು. “ಯಾರು?” ಎಂದರು ಮೇಷ್ಟರು. ಅವನು ಯಾರ ಹೆಸರನ್ನೂ ಹೇಳಲಿಲ್ಲ. ಬೆರಳೂ ಎತ್ತಲಿಲ್ಲ. ಪಕ್ಕಕ್ಕೆ ತಿರುಗಿ ಕಯೆತಾನೊನನ್ನು ನೋಡಿದ, ಅಷ್ಟೇ. ಮೇಷ್ಟರ ಕಣ್ಣು ಅವನ ಕಣ್ಣಿನ ದಾರಿಯಲ್ಲೇ ಹೋಯಿತು. ಬೆರಳು ಮಾಡಿ ತೋರಿಸಿದ್ದರೆ ಪಾದ್ರಿಯ ಮುಂದೆ ಹೇಳಿಕೊಂಡು ಮುಗಿಸಬಹುದಿತ್ತು. ನೋಡಿದ್ದನ್ನು ಏನೆಂದು ಹೇಳಿಕೊಳ್ಳುವುದು? ಮರದ ಪಟ್ಟಿಯಿಂದ ಹತ್ತು ಏಟು. ಮುಂದಿನ ವಾರದಿಂದ ಕಯೆತಾನೊ ಶಾಲೆಗೆ ಬರಲಿಲ್ಲ. ಎರಡನೇ ತರಗತಿಗೇ ನಿಂತ. ರೊಸೆಂದೊ ಆರು ಮುಗಿಸಿದ, ಸ್ಪ್ಯಾನಿಷ್ ಕಲಿತ, ಅಧ್ಯಕ್ಷನಾದ. ಶಾಲೆ ಕಟ್ಟಿಸಬೇಕೆಂದು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಒದ್ದಾಡಿದವನು ತಾನೇ. ಆ ಒದ್ದಾಟಕ್ಕೆ ಬೇರು ಎಲ್ಲಿದೆ ಎಂದು ಗೊತ್ತಿದ್ದವನೂ ತಾನೇ.

ಊರು ತಲುಪಿದಾಗ ಕಯೆತಾನೊ ಶಾಲೆಯ ಹಿಂದಿನ ಅಂಗಳದಲ್ಲಿ ಪ್ರವಾಸಿಗಳಿಗೆ ಹಬೆಸ್ನಾನಕ್ಕೆಂದು ಮಣ್ಣಿನ ಗೂಡಿಗೆ ಬೆಂಕಿ ಹಾಕುತ್ತಿದ್ದ. ಸಣ್ಣ ಆಳು, ಮುಖದ ತುಂಬ ಮಸಿ, ಹರಿದ ಟೋಪಿ. ಓದಿಲಿಯಾ ಅವನ ಕಡೆ ಕೈ ತೋರಿಸಿದ್ದೇ ಲೊರೇನ್ ಚೀಲವನ್ನೂ ಇಳಿಸದೆ ನೇರ ಅವನ ಬಳಿಗೆ ಹೋಗಿ, ಅವನ ಮಸಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಅವನ ಪಾದಗಳನ್ನು ನೋಡಿದಳು. ಟೈರಿನ ಚಪ್ಪಲಿಯಲ್ಲಿದ್ದ ಅಗಲವಾದ, ಬಿರುಕುಬಿಟ್ಟ ಪಾದಗಳು. ಉಳಿದ ಐವರೂ ಬಂದು ಸುತ್ತ ನಿಂತು ನೋಡಿದರು. ಕಯೆತಾನೊ ತಾನೂ ಬಗ್ಗಿ ನೋಡಿಕೊಂಡ, ಏನಾದರೂ ಅಂಟಿದೆಯೇ ಎಂದು.

ರೊಸೆಂದೊ ಓದಿಲಿಯಾಳನ್ನು ನೀರಿನ ತೊಟ್ಟಿಯ ಮರೆಗೆ ಕರೆದ. “ಏನು ಹೇಳ್ದೆ ಅವರಿಗೆ?”

“ನೀವು ಹೇಳಿದ್ದನ್ನೇ ಹೇಳ್ದೆ, ತಾತ್. ಅನುವಾದ ಮಾಡೋರು ಏನೂ ಸೇರಿಸಬಾರದು, ಏನೂ ಬಿಡಬಾರದು ಅಂತ ನಮಗೆ ಕಲಿಸಿದಾರೆ.” ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. “ನೀವು ‘ನಾನು’ ಅಂದಲ್ಲೆಲ್ಲ ‘ನಮ್ಮಪ್ಪ’ ಅಂದೆ. ಅಷ್ಟೇ.”

ಅಷ್ಟೇ. ಅವನು ತೊಟ್ಟಿಯ ಅಂಚು ಹಿಡಿದುಕೊಂಡ. “ನಕ್ಕರಲ್ಲ?”

“ಅದೊಂದು ಸೇರಿಸಿದೆ, ತಪ್ಪಾಯ್ತು. ಅಪ್ಪ ಈಗ್ಲೂ ಚಳಿಗಾಲದಲ್ಲಿ ಕುರಿ ಎಬ್ಬಿಸಿ ನಿಲ್ತಾರೆ, ಅಮ್ಮ ಬೈತಾಳೆ ಅಂದೆ. ನಿಜವೇ ಅದು.”

“ಆ ಮುದುಕಿ ನನ್ನ ತೋರಿಸಿ ಏನೋ ಕೇಳಿದ್ಲಲ್ಲ?”

“ಹಾಗಾದ್ರೆ ಇವರು ಯಾರು ಅಂತ ಕೇಳಿದ್ರು. ಗೆಳೆಯರು, ಶಾಲೆಗೆ ಜೊತೇಲಿ ನಡೀತಿದ್ರು ಅಂದೆ.” ಅವಳು ಸ್ವಲ್ಪ ತಡೆದು, ಮೃದುವಾಗಿ ಕೇಳಿದಳು, “ಅದೂ ತಪ್ಪಾ, ತಾತ್?”

ಬೈದಿದ್ದರೆ ಸುಲಭವಿತ್ತು. ಅಧ್ಯಕ್ಷನಿಗೆ ಬೈಗುಳವನ್ನು ಎದುರಿಸುವುದು ಗೊತ್ತಿತ್ತು. ಎದೆಗೆ ಟೋಪಿ ಒತ್ತಿಕೊಂಡರೆ ಅರ್ಧ ಕೆಲಸ ಮುಗಿಯುತ್ತಿತ್ತು. ಇವಳು ಅವನನ್ನು ಜಗತ್ತಿನ ಮುಂದೆ ಒಳ್ಳೆಯ ಗೆಳೆಯನನ್ನಾಗಿ ಮಾಡಿ ನಿಲ್ಲಿಸಿದ್ದಳು. ಪ್ರವಾಸಿಗಳು ಬೀನ್ಸ್ ಕಾಳು, ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ತಮಾಲ್ ಉಂಡು ತಟ್ಟೆ ತಾವೇ ತೊಳೆದಿಟ್ಟರು. ರೊಸೆಂದೊಗೆ ಏನೂ ಸೇರಲಿಲ್ಲ. ಜೇಬಿನ ಚಾಕಲೇಟು ಕರಗಿ ಪ್ಯಾಂಟಿಗೆ ಹತ್ತಿದ್ದನ್ನು ಫೆರ್ಮಿನಾ ಎಲ್ಲರೆದುರೇ ತೋರಿಸಿ, “ಕಮಿಟಿ ಸೋರ್ತಾ ಇದೆ,” ಅಂದಳು.

ಬಿಸಿಲು ಗುಡ್ಡದ ನೆತ್ತಿಗೆ ಸರಿದಾಗ ಅವನು ಹಬೆಗೂಡಿನ ಬಳಿಗೆ ಹೋಗಿ, ಕಯೆತಾನೊನ ಪಕ್ಕ ಸೌದೆಯ ದಿಮ್ಮಿಯ ಮೇಲೆ ಕೂತ. ಒಳಗಿನಿಂದ ಪ್ರವಾಸಿಗಳು ಬಿಸಿ ತಾಳದೆ ಕೂಗುವುದು ಕೇಳಿಸುತ್ತಿತ್ತು. ಕಯೆತಾನೊ ಇನ್ನೊಂದು ಕೊಳ್ಳಿ ಒಳಗೆ ನೂಕಿದ. “ಕೆನಡಾದವರಿಗೆ ಜಾಸ್ತಿ ಬೇಕಾಗ್ತದೆ,” ಅಂದ. “ಅಲ್ಲಿ ಚಳಿಯಂತೆ.”

“ಚಾಕ್‌ಪೀಸು ತಗೊಂಡಿದ್ದು ನಾನು ಕಣೋ,” ಅಂದ ರೊಸೆಂದೊ. ಇಷ್ಟು ನೇರವಾಗಿ ಬಂದದ್ದಕ್ಕೆ ಅವನಿಗೇ ಗಾಬರಿಯಾಯಿತು.

“ಯಾವ ಚಾಕ್‌ಪೀಸು?”

“ಅಬುಂದಿಯೊ ಮೇಷ್ಟರದ್ದು. ನೀಲಿ, ಕೆಂಪು. ನಿನಗೆ ಏಟು ಬಿತ್ತಲ್ಲ.”

“ಓ, ಅದಾ.” ಕಯೆತಾನೊ ಬೆಂಕಿಯ ಕಡೆ ನೋಡುತ್ತ ನಗತೊಡಗಿದ. “ಗೊತ್ತಿತ್ತು ಬಿಡೋ. ಅವತ್ತು ಮನೆವರೆಗೂ ಬಾತುಕೋಳಿ ಹಾಗೆ ಕುಂಟ್ಕೊಂಡು ಬಂದೆಯಲ್ಲ. ಬೂಟಲ್ಲಿ ಬಿಟ್ಟು ಇನ್ನೆಲ್ಲಿ ಇರ್ತದೆ?”

“ಗೊತ್ತಿದ್ದೂ ಸುಮ್ನಿದ್ಯಾ?”

“ಏಟು ಬಿದ್ದಾಗಿತ್ತು. ನಿನಗೂ ಬಿದ್ರೆ ನನ್ನದು ವಾಪಸ್ ಹೋಗ್ತಿತ್ತಾ?”

“ನನ್ನಿಂದ ನೀನು ಶಾಲೆ ಬಿಟ್ಟೆ.”

ಕಯೆತಾನೊ ಈಗ ಪೂರ್ತಿ ತಿರುಗಿ ಕೂತ. “ನಿನ್ನಿಂದಾನಾ? ಮುಂದಿನ ವಾರ ಅಪ್ಪ ನಮ್ಮನ್ನೆಲ್ಲ ಕರ್ಕೊಂಡು ಕರಾವಳೀಲಿ ಕಾಫಿ ಕೀಳೋಕೆ ಹೋದ. ಮೇಷ್ಟರು ನನಗೆ ಮುತ್ತು ಕೊಟ್ಟಿದ್ರೂ ಹೋಗ್ತಿದ್ದೆ. ನಲವತ್ತು ವರ್ಷದಿಂದ ನನ್ನ ಬದುಕು ನೀನೇ ಕೆಡಿಸ್ದೆ ಅಂದ್ಕೊಂಡು ಓಡಾಡ್ತಿದೀಯಾ? ಎಷ್ಟು ದೊಡ್ಡಸ್ತಿಕೆಯೋ ನಿಂದು! ಅಧ್ಯಕ್ಷ ಆದದ್ದು ಸಾಲ್ದಾ?”

ರೊಸೆಂದೊಗೆ ಹಗುರಾಗಬೇಕಿತ್ತು. ಬದಲಿಗೆ, ಯಾರೋ ತನ್ನ ಕುರ್ಚಿ ಎಳೆದುಕೊಂಡ ಹಾಗಾಯಿತು. ಇಷ್ಟು ವರ್ಷ ಜೋಪಾನ ಮಾಡಿದ ಪಾಪ ತನ್ನದಲ್ಲವೆಂದರೆ ಮನುಷ್ಯ ಎಲ್ಲಿ ಕೂರಬೇಕು? ಒಳಗೆ ಜರ್ಮನ್ ನೀರು ನೀರು ಎಂದು ಅರಚಿದ. ಕಯೆತಾನೊ ಎದ್ದು ಒಂದು ಕೊಡ ನೀರನ್ನು ಬಾಗಿಲ ಸಂದಿಯಿಂದ ಒಳಗೆ ಕೊಟ್ಟು ಬಂದ. ಬಂದವನು ನಗುತ್ತಿರಲಿಲ್ಲ.

“ಆದ್ರೆ ಕುರಿ ನಂದು ಕಣೋ,” ಅಂದ. “ಅದನ್ನ ತಗೊಳ್ಳೋ ಮೊದ್ಲು ಒಂದು ಮಾತು ಕೇಳಬಹುದಾಗಿತ್ತು.”

ರೊಸೆಂದೊ ದಿಮ್ಮಿಯ ತೊಗಟೆ ಕೀಳತೊಡಗಿದ.

“ಓದಿಲಿಯಾ ಚಿಕ್ಕೋಳಿದ್ದಾಗ ದಿನಾ ಮಲಗಿಸೋವಾಗ ನಾನು ಅದನ್ನೇ ಹೇಳ್ತಿದ್ದೆ. ನನಗೆ ಬೇರೆ ಕಥೆ ಬರಲ್ಲ. ಎಂಟನೇ ಕ್ಲಾಸಿನಲ್ಲಿ ಆ ಕಾಗದ ಹಿಡ್ಕೊಂಡು ಬಂದ್ಲು. ‘ಅಪ್ಪಾ, ಇದು ತಾತ್ ರೊಸೆಂದೊ ಕಥೆ. ನೀನು ನಿಂದು ಅಂತ ಸುಳ್ಳು ಹೇಳ್ತಿದ್ದೆ,’ ಅಂದ್ಲು. ಅಚ್ಚಾಗಿತ್ತಲ್ಲ, ಚಿತ್ರ ಬೇರೆ ಇತ್ತು. ಇಂಗ್ಲಿಷು.”

“ನೀನು ಏನಂದೆ?”

“ಏನನ್ಲಿ? ಓದೋಕೆ ಬರೋಳು ಅವಳು. ಇರಬಹುದಮ್ಮ, ಅವನದ್ದೇ ಇರಬಹುದು, ನಾನು ಕೇಳಿದ್ದು ನೆನಪಿರಬೇಕು ಅಂದೆ.” ಅವನು ಕೋಲಿನಿಂದ ಕೆಂಡ ಕೆದಕಿದ. “ಒಂದು ವರ್ಷ ನನ್ನ ಮಾತು ಯಾವುದನ್ನೂ ನಂಬ್ಲಿಲ್ಲ. ಮಳೆ ಬರ್ತದೆ ಅಂದ್ರೂ ಹೊರಗೆ ಹೋಗಿ ನೋಡ್ತಿದ್ಲು. ಆಮೇಲೆ ನಿನ್ನ ಹೆಂಡ್ತೀನೇ ಹೇಳಿದ್ದು ಅವಳಿಗೆ, ನನ್ನ ಗಂಡ ಹಿತ್ತಲಿಗೆ ಹೋಗೋಕೂ ಬೂಟು ಹುಡುಕೋನು, ಬರಿಗಾಲಲ್ಲಿ ಎಲ್ಲಿ ನಡೆದ ಅಂತ.”

ಫೆರ್ಮಿನಾ! ಐದು ವರ್ಷದಿಂದ ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಗಂಜಿ ಕೊಡುವಾಗಲೂ ಗೊತ್ತಿತ್ತು. ರೊಸೆಂದೊಗೆ ತಾನು ಊರಿನ ನಡುವೆ ಹನ್ನೊಂದು ವರ್ಷ ಬರಿಮೈಯಲ್ಲಿ ಓಡಾಡಿದಂತೆ, ಎಲ್ಲರೂ ಮರ್ಯಾದೆಗೆ ಬೇರೆ ಕಡೆ ನೋಡಿದಂತೆ ಅನಿಸಿತು. ಸೀಮೆಸುಣ್ಣದ ಬಗ್ಗೆ ಆಡಲೆಂದು ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದ ಮಾತುಗಳು ಇದಕ್ಕೆ ಒಂದೂ ಹೊಂದುತ್ತಿರಲಿಲ್ಲ. “ತಪ್ಪಾಯ್ತು,” ಅಂದ. ದನಿ ಸಭೆಯ ದನಿಯಾಗಿರಲಿಲ್ಲ. ಕಯೆತಾನೊಗೆ ಸರಿಯಾಗಿ ಕೇಳಿಸಿತೋ ಇಲ್ಲವೋ. ಅವನು, “ಒಂದು ಕೊಳ್ಳಿ ಇತ್ಲಾಗೆ ಕೊಡು,” ಅಂದ, ಅಷ್ಟೇ.

ಮೂರು ದಿನ ಬಿಟ್ಟು ರೊಸೆಂದೊ ಮತ್ತೆ ಹೋಗಿ ಕೇಳಿದ: ಇನ್ನುಮುಂದೆ ತಿರುವಿನಲ್ಲಿ ನೀನೇ ಬಂದು ಹೇಳು, ಹೊಸ ಕರಪತ್ರವನ್ನೂ ಹಾಗೆಯೇ ಮಾಡಿಸೋಣ. ಕಯೆತಾನೊ ತಲೆ ಕೆರೆದುಕೊಂಡು, ತನಗೆ ಜನರೆದುರು ಮಾತು ಬರುವುದಿಲ್ಲ ಅಂದ. ಓದಿಲಿಯಾ ಅಪ್ಪನನ್ನು ಒಳಗೆ ಕರೆದು ಏನೋ ಹೇಳಿದಳು. ಹೊರಗೆ ಬಂದವನು ಒಪ್ಪಿದ. ಒಂದು ಷರತ್ತಿನ ಮೇಲೆ.

ಆ ಷರತ್ತು ಎರಡು ವಾರದ ನಂತರದ ಗುರುವಾರ ಪೈನ್ ಮರದಡಿ ನಿಂತು ಹುಲ್ಲು ಮೇಯುತ್ತಿತ್ತು. “ಕುರಿಯಿಲ್ದೆ ಹೇಗೆ ಹೇಳೋದು?” ಎಂದು ಕಯೆತಾನೊ ಅದಕ್ಕೆ ಹಗ್ಗ ಹಾಕಿ ಎಳೆದುಕೊಂಡೇ ಬಂದಿದ್ದ. ಎಂಟು ಜನ ಪ್ರವಾಸಿಗಳಿಗೆ ಕುರಿಯನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಮಕ್ಕಳ ಫೋಟೊ ತೆಗೆಯಬಾರದೆಂಬ ನಿಯಮವಿತ್ತು, ಕುರಿಯದಕ್ಕೆ ಇರಲಿಲ್ಲ. ಅದಕ್ಕೆ ಎಲ್ಲರ ಆಸೆಯೂ ತೀರಿತು. ಕುರಿ ಮಲಗಲಿ ಎಂದು ಕಯೆತಾನೊ ಅದರ ಬೆನ್ನು ಒತ್ತಿದ, ಅದು ಮಲಗಲಿಲ್ಲ. ಕಿವಿಯಲ್ಲಿ ಏನೋ ಹೇಳಿದ. ಅದು ಅವನ ಟೋಪಿಯ ಅಂಚು ಜಗಿಯಿತು. ಕೊನೆಗೆ ಬಿಟ್ಟುಕೊಟ್ಟು, ತನ್ನ ಭಾಷೆಯಲ್ಲಿ, ನೆಲ ನೋಡುತ್ತ, “ಚಳಿ ಇತ್ತು. ಇಲ್ಲಿ ನಿಂತ್ಕೊಳ್ತಿದ್ದೆ. ಬೆಚ್ಚಗಿರ್ತಿತ್ತು. ಆಮೇಲೆ ಶಾಲೆ ಬಿಟ್ಟೆ,” ಅಂದ. ಮುಗಿಯಿತು. ಓದಿಲಿಯಾ ನಾಲ್ಕು ವಾಕ್ಯವನ್ನೂ ನಾಲ್ಕಾಗಿಯೇ ಹೇಳಿದಳು. ಒಬ್ಬ ಯುವಕ ಬಂದು ಮರದ ಬುಡದ ನೆಲಕ್ಕೆ ಅಂಗೈ ಒತ್ತಿ ನೋಡಿದ. ನೆಲ ತಣ್ಣಗೇ ಇದ್ದಿರಬೇಕು.

ಎಲ್ಲರ ನೀರಿನ ಬಾಟಲಿಗಳನ್ನು ಹಿಡಿದುಕೊಂಡು ಹಿಂದೆ ನಿಂತಿದ್ದ ರೊಸೆಂದೊಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯೂ ಆಯಿತು, ಆದರೆ ಹೊಟ್ಟೆಕಿಚ್ಚು ಮೊದಲು ಬಂತು. ಇಬ್ಬನಿಯನ್ನೇ ಬಿಟ್ಟುಬಿಟ್ಟನಲ್ಲ, ಜನವರಿ ಅನ್ನಲಿಲ್ಲ, ‘ಮಾಲ್ತ್ಯೋಶ್’ ಎಂಬುದನ್ನು ಎಷ್ಟು ಚೆನ್ನಾಗಿ ಹೇಳಬಹುದಿತ್ತು. ಅಷ್ಟರಲ್ಲಿ ಕಯೆತಾನೊ ಟೋಪಿಯನ್ನು ಕುರಿಯ ಬಾಯಿಂದ ಬಿಡಿಸಿಕೊಳ್ಳುತ್ತ ಅವನ ಕಡೆ ಗದ್ದ ಎತ್ತಿ ತೋರಿಸಿದ.

“ನಂದು ಇಷ್ಟೇ. ಇವನೂ ಇದ್ದ ಅಲ್ಲಿ. ಇವನ ಭಾಗ ಇವನೇ ಹೇಳ್ಲಿ.”

ಓದಿಲಿಯಾ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಎಂಟು ಮುಖಗಳು ತಿರುಗಿದವು. ಓದಿಲಿಯಾ ಕಾದಳು; ಅವಳ ಮುಖದಲ್ಲಿ ಕುತೂಹಲ ಬಿಟ್ಟು ಇನ್ನೇನೂ ಇರಲಿಲ್ಲ. ರೊಸೆಂದೊ ಬಾಟಲಿಗಳನ್ನು ಒಂದೊಂದಾಗಿ ಕೆಳಗಿಟ್ಟ. ಕಲ್ಲಿನ ಮೇಲೆ ಕಾಲಿಡಲು ಹೋಗಿ, ಬೇಡವೆನಿಸಿ, ಅಲ್ಲೇ ನಿಂತ. ಸ್ಪ್ಯಾನಿಷಿನ ವಾಕ್ಯ ಒಂದು ಸಿದ್ಧವಾಗಿ ನಾಲಿಗೆಯ ತುದಿಗೆ ಬಂದಿತ್ತು, ಗುಂಗುರು ಗುಂಗುರಾಗಿ. ಅದನ್ನು ನುಂಗಿ ಮನೆಯ ಮಾತಿನಲ್ಲಿ ಅಂದ:

“ನನ್ನ ಕಾಲಲ್ಲಿ ಬೂಟಿತ್ತು.”

ಓದಿಲಿಯಾ ಹೇಳಿದಳು. ನಾಲ್ಕೈದು ಸಣ್ಣ ಸದ್ದು, ಮುಗಿದೇ ಹೋಯಿತು. ನಲವತ್ತಕ್ಕೂ ಹೆಚ್ಚು ವರ್ಷ ಬಾಯಿಂದ ಹೊರಡದ ವಾಕ್ಯ ಇಷ್ಟು ಚಿಕ್ಕದೇ ಎಂದು ಅವನಿಗೆ ನಿಜವಾಗಿಯೂ ಅಚ್ಚರಿಯಾಯಿತು. ಯಾರೂ ಅಳಲಿಲ್ಲ, ಯಾರೂ ನಗಲಿಲ್ಲ. ಎಲ್ಲರೂ ಮುಂದೇನು ಎಂದು ಕಾಯುತ್ತಿದ್ದರು. ಅವನು ಟೋಪಿ ತೆಗೆಯುವುದನ್ನೂ ಮರೆತು ಎರಡನೆಯದಕ್ಕೆ ಬಾಯಿ ತೆರೆದ.